ಇಪ್ಪತ್ತೊಂಬತ್ತು ಇಂಚಿನ ಕಟ್ಟೆ

ನನಗೆ ಮರೆವು ಅಂತ ಯಾರು ಹೇಳಿದ್ದು? ಗ್ರೂಪಿನಲ್ಲಿ ಬರೆದಿದ್ದೀರಲ್ಲ, "ತಾತನ ಕಥೇಲಿ ಪ್ರತಿ ಸಲ ಒಂದು ಕೋಣೆ ಜಾಸ್ತಿ ಆಗುತ್ತೆ" ಅಂತ. ಅದರ ಕೆಳಗೆ ಏಳು ಜನ ನಗುವ ಮುಖ ಬೇರೆ ಹಾಕಿದ್ದೀರಿ. ಏಳು. ಎಣಿಸಿದ್ದೇನೆ. ನೀವು ಬೆಳಿಗ್ಗೆ ಇಟ್ಟ ಚಾರ್ಜರ್ ಎಲ್ಲಿದೆ ಅಂತ ಮಧ್ಯಾಹ್ನ ಹುಡುಕುವವರು. ನಾನು ಹನ್ನೆರಡು ಮನೆಗಳ ಒಂದೊಂದು ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು ಅಂತ ಈಗಲೂ ಹೇಳುತ್ತೇನೆ. ಏಳನೆಯ ಮನೆಯ ಬಚ್ಚಲಿನ ಬಾಗಿಲು ಹೊರಗಡೆಗೆ, ಹೋಗಿಬರುವವರ ಮೂಗಿಗೆ ಸರಿಯಾಗಿ. ಸಾಕಾ?

ಈಗ ವಿಷಯ ಕೇಳಿ. ನಿಮ್ಮಲ್ಲೊಬ್ಬ, ಆ ಲೈಟುಕಂಬದ ಹಾಗೆ ಬೆಳೆದಿದ್ದಾನಲ್ಲ, ಹೋದ ವಾರ ನಮ್ಮ ಮನೆಗೆ ಬಂದು ಪಾತ್ರೆ ತೊಳೆದ. ಪಾತ್ರೆ ಎಂದರೆ ನಾಲ್ಕು ಲೋಟ. ಅದಕ್ಕೆ ಎರಡು ದಿನ ಸೊಂಟನೋವು ಅಂತ ಗ್ರೂಪಿನಲ್ಲಿ ಬರೆದುಕೊಂಡ. ಆಗ ಇನ್ನೊಬ್ಬಳು, ಯಾರೆಂದು ಅವಳಿಗೇ ಗೊತ್ತು, "ಆ ಅಡುಗೆ ಕಟ್ಟೆ ಕಟ್ಟಿದ ಗಾರೆಯವನು ಅಳತೆ ತಪ್ಪಿದ್ನಂತೆ" ಅಂತ ಉತ್ತರ ಕೊಟ್ಟಳು. ಅದನ್ನು ಓದಿ ನನಗೆ ಸಿಟ್ಟು ಬಂತು. ಗಾರೆಯವನು ಅಳತೆ ತಪ್ಪಲಿಲ್ಲ. ತಪ್ಪಿದ್ದು ಬೇರೆಯವರು. ಅದನ್ನು ಹೇಳುವುದಕ್ಕೇ ಫೋನಿನಲ್ಲಿ ಮಾತು ತುಂಬುವ ಈ ಗುಂಡಿ ಒತ್ತಿ ಹಿಡಿದು ಕೂತಿದ್ದೇನೆ. ಎರಡು ಪಟ್ಟು ವೇಗದಲ್ಲಿ ಓಡಿಸಿಕೊಂಡು ಕೇಳಬೇಡಿ. ಹಾಗೆ ಕೇಳಿದರೆ ನನ್ನ ದನಿ ಅಳಿಲಿನ ದನಿಯ ಹಾಗಿರುತ್ತದೆ ಅಂತ ನಿಮ್ಮ ಅಜ್ಜಿ ನಗುತ್ತಾಳೆ.

ನಿಮ್ಮ ಅಪ್ಪ ಅಮ್ಮಂದಿರು ಯಾರೂ ಹುಟ್ಟುವುದಕ್ಕೆ ಮುಂಚಿನ ಮಾತು. ಹಳೆಯ ಮನೆ ಕೊಳ್ಳುವುದು, ರಿಪೇರಿ ಮಾಡುವುದು, ಸಿಂಗರಿಸಿ ಲಾಭಕ್ಕೆ ಮಾರುವುದು, ಇದೇ ನಮ್ಮ ಕಸುಬು. ಇದ್ದದ್ದು ಮೂರೇ ಜನ. ಗೋಡೆ, ನೆಲ, ನಲ್ಲಿ ನನ್ನ ಪಾಲಿಗೆ. ಬಣ್ಣ ಬಳಿಯುವುದು, ಗಿರಾಕಿ ಹುಡುಕುವುದು ನಿಮ್ಮ ಅಜ್ಜಿಯ ತಮ್ಮನ ಪಾಲಿಗೆ, ಅಂದರೆ ನನ್ನ ಭಾಮೈದನ ಪಾಲಿಗೆ. ಅವನ ಹುಬ್ಬಿನ ಮೇಲೆ ಯಾವಾಗಲೂ ಯಾವುದಾದರೊಂದು ಮನೆಯ ಬಣ್ಣ ಇರುತ್ತಿತ್ತು. ಅವನ ಮದುವೆಯ ಫೋಟೋದಲ್ಲೂ ಇದೆ, ತಿಳಿಹಸಿರು, ಬೇಕಾದರೆ ತೆಗೆದು ನೋಡಿ. ಬಂದವರಿಗೆ ಮನೆ ತೋರಿಸುವುದು ನಿಮ್ಮ ಅಜ್ಜಿಯ ಕೆಲಸ. ಆ ಕೆಲಸದಿಂದ ನನ್ನನ್ನು ಎರಡನೆಯ ಮನೆಯಲ್ಲೇ ವಜಾ ಮಾಡಿದ್ದರು. ನೋಡಲು ಬಂದ ಯಜಮಾನರು ಚರಂಡಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ನಾನು ಮುಚ್ಚಳ ಎತ್ತಿ ತೋರಿಸಿದೆ. ಅವರು ಕಾಫಿ ಕುಡಿಯದೆ ಹೊರಟುಹೋದರು.

ಬೇರೆ ಬಾಡಿಗೆ ಮನೆ ಮಾಡುವ ತಾಕತ್ತು ನಮಗಿರಲಿಲ್ಲ. ಯಾವ ಮನೆ ರಿಪೇರಿಯಲ್ಲಿತ್ತೋ ಅದರಲ್ಲೇ ನಮ್ಮ ವಾಸ. ಒಂದು ಕೋಣೆ ಒಡೆಯುವಾಗ ಇನ್ನೊಂದರಲ್ಲಿ ಮಲಗುವುದು, ಅದನ್ನು ಒಡೆಯುವಾಗ ಇದಕ್ಕೆ ಬರುವುದು. ಎಲ್ಲ ಮುಗಿದು ನೆಲ ಹೊಳೆಯತೊಡಗಿತು ಎನ್ನುವಾಗ ಸಿಂಗಾರದ ವ್ಯಾನು ಬರುತ್ತಿತ್ತು. ಅದರಲ್ಲಿ ಒಂದು ಬಿಳಿ ಸೋಫಾ, ಒಂದು ದುಂಡು ಮೇಜು, ನಾಲ್ಕು ಕುರ್ಚಿ, ಕಿಟಕಿಯ ಎದುರಿಗೆ ಇಡಲು ದೊಡ್ಡ ಕನ್ನಡಿ, ಯಾರೂ ಯಾವತ್ತೂ ಹೊದ್ದು ಮಲಗದ ಒಂದು ಹಾಸಿಗೆ ಹೊದಿಕೆ, ಬುಟ್ಟಿ ತುಂಬ ಪ್ಲಾಸ್ಟಿಕ್ ಸೇಬು. ಒಂದು ಸೇಬಿನಲ್ಲಿ ಹಲ್ಲಿನ ಗುರುತಿತ್ತು, ಐದನೆಯ ಮನೆ ನೋಡಲು ಬಂದಿದ್ದ ಯಾರದೋ ಮಗುವಿನದು. ಆ ಸೇಬನ್ನು ತಿರುಗಿಸಿ ಇಡುತ್ತಿದ್ದೆವು. ಆ ದಿನ ನಮ್ಮ ಮಂಚ, ನಮ್ಮ ಕೊಡಪಾನ, ಬಟ್ಟೆಯ ಗಂಟು ಎಲ್ಲ ಹಿತ್ತಲ ಶೆಡ್ಡಿಗೆ. ನಿಜವಾದ ಸಂಸಾರ ಶೆಡ್ಡಿನಲ್ಲಿ, ಸುಳ್ಳು ಸಂಸಾರ ಹಾಲಿನಲ್ಲಿ.

ನಿಮ್ಮ ಅಜ್ಜಿಯ ಕೈಗುಣ ಎಂಥದು ಅಂದರೆ, ಎಲ್ಲ ಇಟ್ಟಾದ ಮೇಲೆ ಕೊನೆಗೆ ಒಂದು ಪುಸ್ತಕವನ್ನು ಅರ್ಧಕ್ಕೆ ತೆರೆದು ಸೋಫಾದ ಮೇಲೆ ಬೋರಲು ಹಾಕಿ, ಅದರ ಪಕ್ಕ ಒಂದು ಕನ್ನಡಕ ಇಡುತ್ತಿದ್ದಳು. ಅಷ್ಟೇ. ಬಂದವರಿಗೆ ಇಲ್ಲಿ ಯಾರೋ ಸುಖವಾಗಿ ಓದುತ್ತಾ ಕೂತಿದ್ದು ಈಗ ತಾನೇ ಎದ್ದು ಒಳಗೆ ಹೋಗಿದ್ದಾರೆ ಅನ್ನಿಸುತ್ತಿತ್ತು. ಹಾಗೆ ಕೂರಬೇಕು ಅಂತ ಅವರಿಗೂ ಆಸೆ ಹುಟ್ಟುತ್ತಿತ್ತು. ಹನ್ನೊಂದು ಮನೆ ಹೀಗೆ ಮಾರಿದಳು. ಅಲ್ಲಿ ಕೂತು ಓದಿದವರು ಮಾತ್ರ ಯಾರೂ ಇಲ್ಲ.

ಬೆರಳು ಜಾರಿತು. ಇದು ಎರಡನೆಯ ರೆಕಾರ್ಡಿಂಗು. ಮೊದಲನೆಯದನ್ನು ಕೇಳದೆ ಇದನ್ನು ಕೇಳಬೇಡಿ.

ಮೊದಲನೆಯ ಮನೆ ಮಾರಿದಾಗ ಅವಳು ಕೇಳಿದಳು, "ನಮಗೆ ಅಂತ ಒಂದು ಯಾವಾಗ?"

"ಮುಂದಿನದು" ಅಂದೆ.

ನಾಲ್ಕನೆಯದು ಮಾರಿದಾಗ ಮತ್ತೆ ಕೇಳಿದಳು. ಮತ್ತೆ "ಮುಂದಿನದು" ಅಂದೆ. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಕೇಳುತ್ತಿಲ್ಲ ಎಂದರೆ ಬೇಡ ಎಂದು ನಾನು ತಿಳಿದುಕೊಂಡೆ. ಗೋಡೆ ಸದ್ದು ಮಾಡದಿದ್ದರೆ ಒಳಗೆ ಗಟ್ಟಿಯಾಗಿದೆ ಅಂತ ತಿಳಿಯುವ ಜಾತಿ ನಮ್ಮದು.

ಇನ್ನೊಂದು ಹೇಳಬೇಕು, ಸ್ಟೂಲಿನ ವಿಷಯ. ನಿಮ್ಮ ಅಜ್ಜಿ ಎಷ್ಟು ಎತ್ತರ ನಿಮಗೆ ಗೊತ್ತು. ಈಗ ಬಾಗಿರುವುದರಿಂದ ಹಾಗೆ ಅಂತ ತಿಳಿಯಬೇಡಿ, ಆಗಲೂ ಅಷ್ಟೇ. ನಾನು ಪ್ರತಿ ಮನೆಯಲ್ಲೂ ಹಳೆಯ ಅಡುಗೆ ಕಟ್ಟೆ ಒಡೆದು ಹೊಸದು ಕಟ್ಟುತ್ತಿದ್ದೆ, ಮೂವತ್ತನಾಲ್ಕು ಇಂಚು. ಕೊಳ್ಳುವವರ ಅಳತೆ ಅದು. ಅದರ ಮೇಲೆ ತರಕಾರಿ ಹೆಚ್ಚಬೇಕಾದರೆ ಇವಳ ಭುಜ ಕಿವಿಯವರೆಗೆ ಏರುತ್ತಿತ್ತು. ಎರಡನೆಯ ಮನೆಯಲ್ಲಿ ಉಳಿದ ಹಲಗೆ ತುಂಡುಗಳಿಂದ ಒಂದು ಸ್ಟೂಲು ಮಾಡಿಕೊಟ್ಟೆ, ಐದು ಇಂಚಿನದು. ಅದರ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳು. ಒಲೆಯಿಂದ ಸಿಂಕಿಗೆ ಹೋಗಬೇಕಾದರೆ ಇಳಿದು, ಕಾಲಲ್ಲಿ ಸ್ಟೂಲು ತಳ್ಳಿ, ಮತ್ತೆ ಹತ್ತಬೇಕು. ದಿನಕ್ಕೆ ಎಷ್ಟು ಸಲವೋ. ಆ ತಳ್ಳುವ ಸದ್ದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕೇಳಿಸಿದರೆ ಊಟ ಹತ್ತಿರ ಬಂತು ಅಂತ ಕೈ ತೊಳೆಯುತ್ತಿದ್ದೆ. ಒಳ್ಳೆಯ ಸ್ಟೂಲು ಮಾಡಿಕೊಟ್ಟೆ ಅಂತ ಹೆಮ್ಮೆ ಬೇರೆ.

ಹನ್ನೆರಡನೆಯ ಮನೆ ಒಬ್ಬ ಟೈಲರ್‌ದು. ಮಗಳ ಊರಿಗೆ ಹೋಗುತ್ತೇನೆ ಅಂತ ಮಾರಿದ. ಗಿಡ್ಡ ಮನುಷ್ಯ, ಅವನ ಹೆಂಡತಿ ಅವನಿಗಿಂತ ಗಿಡ್ಡ. ಕಸುಬು ಕಸುಬೇ ಅಲ್ಲವೇ, ಮನೆಯನ್ನೂ ಮೈಗೆ ಅಳೆದು ಹೊಲಿಸಿಕೊಂಡ ಹಾಗೆ ಕಟ್ಟಿಸಿದ್ದ. ಬಾಗಿಲ ಚಿಲಕ ಕೆಳಗೆ, ಗೂಟ ಕೆಳಗೆ, ಅಡುಗೆ ಕಟ್ಟೆಯಂತೂ ಮೂವತ್ತೇ ಇಂಚು...

ಒಂದು ನಿಮಿಷ. ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ಏನು? ಮೂವತ್ತಲ್ಲವಂತೆ, ಇಪ್ಪತ್ತೊಂಬತ್ತಂತೆ. ಸರಿ, ಇಪ್ಪತ್ತೊಂಬತ್ತು. ಇದನ್ನು ಗ್ರೂಪಿನಲ್ಲಿ ಎತ್ತಿ ಆಡಬೇಡಿ. ಒಂದು ಇಂಚು ಯಾರಿಗಾದರೂ ತಪ್ಪುತ್ತದೆ.

ಆ ಮನೆಗೆ ಹೋದ ಮೊದಲನೆಯ ವಾರ ನಾನು ಸುತ್ತಿಗೆ, ಉಳಿ ಹಿಡಿದು ಆ ಕಟ್ಟೆ ಒಡೆಯಲು ನಿಂತೆ.

"ಅದೊಂದು ಕೊನೆಗೆ ನೋಡೋಣ ರೀ" ಅಂದಳು.

"ಯಾಕೆ?"

"ಕಲ್ಲು ಚೆನ್ನಾಗಿದೆ. ಒಂದೇ ಚಪ್ಪಡಿ. ಈಗ ಇಂಥದ್ದು ಎಲ್ಲಿ ಸಿಗುತ್ತೆ?"

ಕಲ್ಲು ಚೆನ್ನಾಗಿದ್ದದ್ದು ನಿಜ, ಕರಿ ಚಪ್ಪಡಿ, ಅಂಚು ದುಂಡಗೆ ಸವೆದಿತ್ತು. ಹಾಗಾದರೆ ಇರಲಿ ಅಂತ ಬಚ್ಚಲಿಗೆ ಹೋದೆ. ಕೆಲಸ ಸಾಗುತ್ತಾ ಹೋಯಿತು. ಚಾವಣಿಯ ಸೋರಿಕೆ ಮುಚ್ಚಿದೆ, ಹಾಲಿನ ನೆಲ ಹಾಕಿದೆ. ಭಾಮೈದ ಗೋಡೆಗೆ ಕೆನೆ ಬಣ್ಣ ಬಳಿದ. ಕಟ್ಟೆ ಹಾಗೇ ಉಳಿಯಿತು. ಕೊನೆಗೆ ನೋಡೋಣ ಅಂದವಳು ಕೊನೆಗೂ ಹೇಳಲಿಲ್ಲ, ನನಗೂ ಮರೆತುಹೋಯಿತು.

ಈಗ ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕುತೂಹಲ ಮಾಡುವ ಚಟ ನನಗಿಲ್ಲ. ಅವಳಿಗೆ ಆ ಮನೆ ಬೇಕಾಗಿತ್ತು. ಹನ್ನೆರಡು ಮನೆಗಳಲ್ಲಿ ಅದಕ್ಕೊಂದಕ್ಕೆ ಮನಸ್ಸು ಕೊಟ್ಟಿದ್ದಳು. ನಾನು ಅದನ್ನು ಮಾರಲು ಹೊರಟಿದ್ದೆ. ಅವಳು ಬಾಯಿ ಬಿಡಲಿಲ್ಲ, ನನಗೆ ತಿಳಿಯಲಿಲ್ಲ.

ಸಿಂಗಾರ ಆಯಿತು, ಸೋಫಾ ಬಂತು, ಸೇಬು ತಿರುಗಿತು. ಮೊದಲು ನೋಡಲು ಬಂದವರು ಹೊಸದಾಗಿ ಮದುವೆಯಾದ ಜೋಡಿ. ಹತ್ತು ನಿಮಿಷದಲ್ಲಿ ಹೋದರು. ಆಮೇಲೆ ಪಾತ್ರೆ ಅಂಗಡಿಯವರ ಕುಟುಂಬ, ಅವರೂ ಹೋದರು. ನಾನು, ಭಾಮೈದ ಇಬ್ಬರೂ ಶೆಡ್ಡಿನಲ್ಲಿ ಮಂಚದ ಮೇಲೆ ಕೂತು ಕಾಯುವುದು, ಗೇಟಿನ ಸದ್ದು ಕೇಳಿ ಮುಖ ಮುಖ ನೋಡಿಕೊಳ್ಳುವುದು.

"ಭಾವ, ಅಕ್ಕನ ಕೈಗುಣ ಹೋಯ್ತಾ?" ಅಂದ.

"ನಿನ್ನ ಬಣ್ಣ ನೋಡಿ ಓಡಿರಬೇಕು."

"ಕೆನೆ ಬಣ್ಣಕ್ಕೆ ಯಾರು ಓಡ್ತಾರೆ? ನೀವೆಲ್ಲಾದ್ರೂ ಚರಂಡಿ ಮುಚ್ಚಳ ತೆಗೆದಿಟ್ಟಿದ್ದೀರಾ?"

ಮೂರನೆಯವರು ಬರುವ ದಿನ ಬೆಳಿಗ್ಗೆ ಬಚ್ಚಲ ನಲ್ಲಿ ತೊಟ್ಟಿಕ್ಕತೊಡಗಿತು. ಇನ್ನೂ ಅರ್ಧ ಗಂಟೆ ಇದೆಯಲ್ಲ ಅಂತ ಪಾನಾ ತೆಗೆದುಕೊಂಡು ಒಳಗೆ ಹೋದೆ. ಅವರು ಬೇಗ ಬಂದುಬಿಟ್ಟರು. ಹೊರಗೆ ಬರೋಣವೆಂದರೆ ನನಗೆ ಮುಖ ತೋರಿಸುವುದಕ್ಕೆ ನಿಷೇಧ. ಬಾಗಿಲು ಹಾಕಿಕೊಂಡು ಬಕೆಟ್ ಮಗುಚಿ ಅದರ ಮೇಲೆ ಕೂತೆ. ಬಚ್ಚಲಿಗೂ ಅಡುಗೆಮನೆಗೂ ನಡುವೆ ಮೇಲುಗಡೆ ಒಂದು ಜಾಲರಿ ಕಿಂಡಿ. ಎಲ್ಲ ಕೇಳಿಸುತ್ತಿತ್ತು.

ಬಂದವರು ಆಸ್ಪತ್ರೆಯ ನರ್ಸ್ ಒಬ್ಬಳು, ಜೊತೆಗೆ ಅವಳ ತಾಯಿ. ನಿಮ್ಮ ಅಜ್ಜಿ ಮನೆ ತೋರಿಸಲು ಶುರು ಮಾಡಿದಳು. ಒಂಬತ್ತನೆಯ ಮನೆಯ ಒದ್ದೆ ಗೋಡೆಯನ್ನು "ಬೇಸಿಗೆಯಲ್ಲಿ ತಂಪು" ಅಂತ ಹೊಗಳಿ ಮಾರಿದ ಬಾಯಿ ಅದು. ಆ ಬಾಯಿಂದ ಏನು ಬಂತು ಕೇಳಿ.

"ಈ ಕೋಣೆ ಮಧ್ಯಾಹ್ನ ಕಾದ ಹೆಂಚು. ಎರಡು ಗಂಟೆ ಮೇಲೆ ಇಲ್ಲಿ ಕೂರಕ್ಕಾಗಲ್ಲ. ಆದ್ರೆ ಐದು ಗಂಟೆಗೆ ಆ ಮರದ ನೆರಳು ಬರುತ್ತೆ, ಆಗ ಇಲ್ಲಿಂದ ಏಳೋಕೆ ಮನಸ್ಸು ಬರಲ್ಲ."

"ಹೌದಾ?" ಅಂತ ನರ್ಸ್.

"ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯುತ್ತೆ, ಬೆಳಿಗ್ಗೆ ಆರರಿಂದ. ಮೊದಲು ಬೈಕೊಂಡೆ, ಈಗ ಅದು ಕೇಳಿದ ಮೇಲೇ ಕಾಫಿಗೆ ಇಡ್ತೀನಿ. ಪಕ್ಕದ ಮನೆಯವರು ತುತ್ತೂರಿ ಕಲೀತಿದ್ದಾರೆ. ಮೂರು ತಿಂಗಳಿಂದ ಒಂದೇ ಹಾಡು, ಅದೂ ಅರ್ಧ. ಹಿಂದಿನ ಬಾಗಿಲು ಮಳೆಗೆ ಉಬ್ಬುತ್ತೆ, ಮೊಣಕಾಲಲ್ಲಿ ಒದೀಬೇಕು. ಇಲ್ಲಲ್ಲ, ಸ್ವಲ್ಪ ಕೆಳಗೆ. ಹಾಂ, ಅಲ್ಲಿ ಒದ್ರೆ ತೆರೆಯುತ್ತೆ."

ನಾನು ಬಕೆಟ್ಟಿನ ಮೇಲೆ ಕಲ್ಲಾಗಿ ಕೂತೆ. ಒಂದೂ ಸುಳ್ಳಲ್ಲ. ಆದರೆ ಇಷ್ಟೆಲ್ಲ ಇವಳಿಗೆ ಯಾವಾಗ ಗೊತ್ತಾಯಿತು? ಐದು ಗಂಟೆಯ ನೆರಳು ನಾನೇ ನೋಡಿರಲಿಲ್ಲ. ಹಾಗಾದರೆ ಹಿಂದೆ ಬಂದವರನ್ನೂ ಇವಳೇ ಓಡಿಸಿದ್ದಾಳೆ. ಮೈಯೆಲ್ಲ ಉರಿದುಹೋಯಿತು.

ಆಗ ನರ್ಸ್ ನಕ್ಕಳು. "ನೋಡಿ, ಈ ತಿಂಗಳು ಒಂಬತ್ತು ಮನೆ ನೋಡಿದ್ದೀನಿ. ಎಲ್ಲಾ ಕಡೆ ಸ್ವರ್ಗ ಅಂದ್ರು. ನಿಜ ಹೇಳಿದವರು ನೀವೊಬ್ರೇ. ಇಷ್ಟು ಬಾಯಿಬಿಟ್ಟು ಹೇಳಿದ ಮೇಲೆ ಇನ್ನು ಮುಚ್ಚಿಟ್ಟಿದ್ದು ಏನಿರುತ್ತೆ? ನಾವು ತಗೋತೀವಿ."

ನರ್ಸ್ ಕಟ್ಟೆಯ ಕಲ್ಲು ತಟ್ಟಿದ ಸದ್ದಾಯಿತು.

"ನಾಳೆ ಹತ್ತು ಗಂಟೆಗೆ ಮುಂಗಡ ತರ್ತೀನಿ. ಒಂದೇ ಒಂದು, ಈ ಅಡುಗೆ ಕಟ್ಟೆ ಒಡೆಸಿ ಎತ್ತರ ಮಾಡ್ಕೋತೀನಿ. ನನ್ನ ಸೊಂಟಕ್ಕೆ ಇದು ಆಗಲ್ಲ."

ನಿಮ್ಮ ಅಜ್ಜಿ, "ಆಗಲಿ. ಕಾಫಿ ಇಡ್ತೀನಿ, ಕೂತ್ಕೊಳ್ಳಿ" ಅಂದಳು. ಅಷ್ಟೇ.

ನನ್ನ ಸಿಟ್ಟೆಲ್ಲ ಇಳಿದು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಾರಾಟವಾಯಿತಲ್ಲ ಎಂದು ನಿಷೇಧ ಮರೆತು ಬಾಗಿಲು ತೆರೆದು ಅಡುಗೆಮನೆಗೆ ಬಂದೆ. ಅವರಿಬ್ಬರೂ ಹಾಲಿಗೆ ಹೋಗಿದ್ದರು. ಇವಳು ನನಗೆ ಬೆನ್ನು ಮಾಡಿ ಲೋಟ ತೊಳೆಯುತ್ತಿದ್ದಳು. ಸಿಂಕಿನಿಂದ ಒಲೆಗೆ ಬಂದಳು, ಒಲೆಯಿಂದ ಡಬ್ಬಿಗೆ, ಡಬ್ಬಿಯಿಂದ ಮತ್ತೆ ಒಲೆಗೆ. ನೀರಿನಲ್ಲಿ ಮೀನು ಹೋದ ಹಾಗೆ. ಏನೋ ಕಡಿಮೆ ಇದೆ ಅನ್ನಿಸಿತು ನನಗೆ. ಏನು ಅಂತ ಹೊಳೆಯಲಿಲ್ಲ. ಸದ್ದು ಕಡಿಮೆ ಇತ್ತು.

ಸ್ಟೂಲು ಇರಲಿಲ್ಲ.

ಹಿತ್ತಲ ಬಾಗಿಲಿನಿಂದ ಆಚೆ ನೋಡಿದೆ. ಸ್ಟೂಲು ಶೆಡ್ಡಿನ ಮುಂದಿತ್ತು. ಅದರ ಮೇಲೆ ಭಾಮೈದನ ಬಣ್ಣದ ಡಬ್ಬಿ. ಡಬ್ಬಿಯಿಂದ ಸೋರಿದ ಕೆನೆ ಬಣ್ಣ ಒಣಗಿ ಪದರ ಪದರವಾಗಿ ಕೂತಿತ್ತು, ತಿಂಗಳುಗಟ್ಟಲೆಯ ಪದರ. ಅಷ್ಟು ದಿನದಿಂದ ಅದು ಒಳಗೆ ಬೇಕು ಅಂತ ಯಾರೂ ಕೇಳಿರಲಿಲ್ಲ. ನಾನು ಊಟಕ್ಕೆ ನಾನಾಗಿಯೇ ಕೈ ತೊಳೆಯುವುದನ್ನು ಬಿಟ್ಟು, ಇವಳು ಕೂಗಿದ ಮೇಲೆ ಬರುತ್ತಿದ್ದೆನಲ್ಲ, ಅದು ಯಾಕೆಂದು ಆಗ ಗೊತ್ತಾಯಿತು.

ಜೇಬಿನಿಂದ ಟೇಪು ತೆಗೆದೆ. ಇವಳ ಕಾಲ ಹತ್ತಿರ ನೆಲಕ್ಕೆ ಒತ್ತಿ ಮೊಣಕೈಯವರೆಗೆ ಎಳೆದೆ.

"ಏನ್ರೀ ಇದು, ನಾನೇನು ಕಿಟಕೀನಾ?"

"ಅಲ್ಲಾಡಬೇಡ."

ಮೂವತ್ತನಾಲ್ಕು. ಕಟ್ಟೆ ಮೊಣಕೈಗಿಂತ ಐದು ಇಂಚು ಕೆಳಗಿದ್ದರೇ ಕೈಗೆ ಹಿತ. ನಾನು ಹನ್ನೊಂದು ಮನೆಯಲ್ಲೂ ಅವಳ ಮೊಣಕೈ ಎಲ್ಲಿದೆಯೋ ಅಲ್ಲಿಗೇ ಕಟ್ಟೆ ಕಟ್ಟಿದ್ದೆ. ಊರಿನವರ ಕಿಟಕಿ, ಬಾಗಿಲು, ಬಚ್ಚಲು ಎಲ್ಲ ಅಳೆದವನು, ಮನೆಯಲ್ಲಿ ದಿನಾ ಎದುರಿಗೆ ನಿಲ್ಲುವವಳಿಗೆ ಒಂದು ದಿನ ಟೇಪು ಹಿಡಿದಿರಲಿಲ್ಲ. ಅಳೆಯುವ ಬದಲು ಸ್ಟೂಲು ಕೊಟ್ಟಿದ್ದೆ.

"ಕೇಳಬಾರದಿತ್ತಾ ನೀನು?" ಅಂದೆ.

"ಕೇಳಿದ್ರೆ ಮುಂದಿನದು ಅಂತೀರಿ." ಗ್ಯಾಸ್ ಸಣ್ಣ ಮಾಡಿದಳು. "ಉಳಿಸ್ಕೋಬೇಕು ಅಂತೇನಲ್ಲ. ಇನ್ನೊಂದು ತಿಂಗಳು ಇರೋಣ ಅಂತ."

ಒಂದು ತಿಂಗಳು. ಅವಳು ತನಗೆ ಅಂತ ಕದ್ದುಕೊಂಡದ್ದು ಅಷ್ಟೇ.

ನಾನು ಹಾಲಿಗೆ ಹೋದೆ, ಕೈಯಲ್ಲಿ ಟೇಪು ಹಾಗೇ. ಭಾಮೈದ ಆಗಲೇ ಶೆಡ್ಡಿನಿಂದ ಬಂದು, ಹುಬ್ಬು ಒರೆಸಿಕೊಂಡು, ಕಾಗದ ಹರಡಿಕೊಂಡು ಕೂತಿದ್ದ.

"ಕ್ಷಮಿಸಬೇಕು. ಈ ಮನೆ ಮಾರಾಟಕ್ಕಿಲ್ಲ" ಅಂದೆ.

ಭಾಮೈದನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನರ್ಸ್ ಎದ್ದು ನಿಂತಳು. ಎತ್ತರ ಅಂದರೆ ಎತ್ತರ, ನನ್ನ ತಲೆಯ ಮೇಲಿಂದ ಗೋಡೆ ನೋಡುವಂಥವಳು.

"ನಮ್ಮಮ್ಮನ್ನ ಮೂರು ಗಂಟೆ ಹೊತ್ತು ಬಸ್ಸಲ್ಲಿ ಕೂರಿಸಿಕೊಂಡು ಬಂದಿದ್ದೀನಿ. ಏನಂತ ತಿಳ್ಕೊಂಡಿದ್ದೀರಿ ನೀವು? ಬೆಲೆ ಏರಿಸೋ ಆಟ ಇದು, ಅಲ್ವಾ?"

ಬೈಸಿಕೊಂಡೆ. ಬೈಯುವುದರಲ್ಲಿ ನ್ಯಾಯವಿತ್ತು. ಆಗ ಅವಳ ತಾಯಿ ಮಾತಾಡಿದರು. ಹಾಲಿಗೆ ಬಂದಾಗಿನಿಂದ ಬಿಳಿ ಸೋಫಾದ ಮೇಲೆ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದರು. ಆ ಸೋಫಾದ ಮೇಲೆ ಅಷ್ಟು ಚೆನ್ನಾಗಿ ಕೂತವರು ಅವರೇ ಮೊದಲು.

"ಸುಮ್ನಿರೇ. ಬೆಲೆ ಅಲ್ಲ ಅದು. ಆ ಹೆಂಗಸು ಮನೆ ತೋರಿಸಿದ್ದು ನೋಡಿದ್ಯಾ? ಗಂಡನ ದೋಷ ಹೇಳೋ ಹಾಗೆ ಹೇಳಿದ್ಲು. ಗೊರಕೆ ಹೊಡೀತಾರೆ, ಮುಂಗೋಪ, ಎಲ್ಲಿಟ್ಟಿದ್ದು ಎಲ್ಲೋ ಹುಡುಕ್ತಾರೆ ಅಂತ. ಹಾಗೆ ಹೇಳೋರು ಗಂಡನ್ನ ಮಾರಕ್ಕೆ ಹೊರಟಿರ್ತಾರಾ?"

ನರ್ಸ್‌ಗೆ ನಗು ಬಂತು, ತಡೆದುಕೊಂಡಳು. ತಾಯಿ ನನ್ನ ಕಡೆ ತಿರುಗಿ, "ಅವಳ ಗಂಡ ನೀನೇನಾ?" ಅಂದರು.

"ಹೌದಮ್ಮ."

"ಗೊರಕೆ?"

"ಹೊಡೀತೀನಿ."

"ಮತ್ತೆ ನಿಂತು ಏನ್ ನೋಡ್ತೀಯಪ್ಪ, ಒಳಗೆ ಹೋಗಿ ಹೇಳು ಅವಳಿಗೆ."

ಹೇಳಬೇಕಾಗಿರಲಿಲ್ಲ. ನಿಮ್ಮ ಅಜ್ಜಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಣ್ಣೀರು ಗಿಣ್ಣೀರು ಏನೂ ಇಲ್ಲ. ನೀವು ಇದನ್ನು ಯಾರಿಗಾದರೂ ಹೇಳುವಾಗ ಕಣ್ಣೀರು ಸೇರಿಸಬೇಡಿ. ಎಲ್ಲರಿಗೂ ಲೋಟ ಕೊಟ್ಟು, ಸೋಫಾದ ಮೇಲೆ ಬೋರಲು ಬಿದ್ದಿದ್ದ ಆ ಪುಸ್ತಕ ಎತ್ತಿ ಆ ತಾಯಿಯ ಪಕ್ಕ ಕೂತಳು. ಕೂತು, ಕನ್ನಡಕ ಹಾಕಿಕೊಂಡು, ಅದು ಯಾವ ಪುಸ್ತಕ ಅಂತ ಮೊದಲ ಸಲ ನೋಡಿದಳು. ಬಾವಿ ತೋಡುವುದು ಹೇಗೆ ಅಂತ ಇತ್ತು.

ಇದು ಮೂರನೆಯದು, ಕೊನೆಯದು. ಬೆರಳು ನೋಯುತ್ತಿದೆ.

ಭಾಮೈದ ಎರಡು ವಾರ ನನ್ನ ಜೊತೆ ಮಾತು ಬಿಟ್ಟ. ಮುಂದಿನ ಎರಡು ಮನೆಗಳಲ್ಲಿ ನನ್ನ ಪಾಲೂ ಅವನಿಗೇ ಅಂದ ಮೇಲೆ, "ಅಕ್ಕನಿಗೋಸ್ಕರ ಒಪ್ಕೊಂಡೆ, ನಿಮಗೋಸ್ಕರ ಅಲ್ಲ" ಅಂದ. ಅವತ್ತೇ ಗೇಟಿನವರೆಗೆ ಹೋದ ನರ್ಸನ್ನು ನಿಲ್ಲಿಸಿ, ಅವಳ ಮೊಣಕೈ ಅಳತೆ ತೆಗೆದುಕೊಂಡಿದ್ದೆ. ನಲವತ್ತಮೂರು ಇಂಚು. ಹದಿಮೂರನೆಯ ಮನೆ ಆಸ್ಪತ್ರೆಯ ಹತ್ತಿರವೇ ಸಿಕ್ಕಿತು. ಮೂವತ್ತೆಂಟು ಇಂಚಿಗೆ ಕಟ್ಟೆ ಕಟ್ಟಿ ಅವಳಿಗೇ ಕೊಟ್ಟೆವು. ಅದನ್ನು ತೋರಿಸಲು ನಿಮ್ಮ ಅಜ್ಜಿ ಬರಲಿಲ್ಲ, ನಾನೇ ತೋರಿಸಿದೆ. ಚರಂಡಿಯ ಮುಚ್ಚಳ ತೆಗೆದು ನರ್ಸ್ ತಾನೇ ನೋಡಿದಳು.

ಆಮೇಲಿನ ಯಾವ ಮನೆಯಲ್ಲೂ ನಾನು ಮೊದಲೇ ಅಡುಗೆ ಕಟ್ಟೆ ಕಟ್ಟಲಿಲ್ಲ. ಆ ಜಾಗ ಬರಿದೇ ಬಿಟ್ಟು, ಕೊಂಡವರಲ್ಲಿ ಅಡುಗೆ ಮಾಡುವವರು ಯಾರೋ ಅವರನ್ನು ನಿಲ್ಲಿಸಿ ಮೊಣಕೈ ಅಳೆದು, ಐದು ಇಂಚು ಇಳಿಸಿ ಕಟ್ಟುತ್ತಿದ್ದೆ. ಮನೆಗಳು ಮುಂಚಿಗಿಂತ ಬೇಗ ಹೋಗತೊಡಗಿದವು. ಭಾಮೈದ ಅದನ್ನು ತನ್ನ ಉಪಾಯ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಮಾರುವುದಿಲ್ಲ ಅಂದ ಅವತ್ತು ಮಧ್ಯಾಹ್ನವೇ ವ್ಯಾನು ಬಂದು ಬಿಳಿ ಸೋಫಾ, ಮೇಜು, ಕನ್ನಡಿ ಎಲ್ಲ ತೆಗೆದುಕೊಂಡು ಹೋಯಿತು. ಶೆಡ್ಡಿನಿಂದ ನಮ್ಮ ಮಂಚ ಹಾಲಿಗೆ ಬಂತು. ಐದು ಗಂಟೆಗೆ ಆ ಕಾದ ಹೆಂಚಿನ ಕೋಣೆಗೆ ಹೋಗಿ ಕೂತೆವು. ನೆರಳು ಬಂತು. ಪಕ್ಕದ ಮನೆಯ ತುತ್ತೂರಿ ಅರ್ಧ ಹಾಡು ಊದಿ ನಿಲ್ಲಿಸಿತು. "ನೋಡಿ, ಇಲ್ಲೇ ನಿಲ್ಲಿಸ್ತಾರೆ ಯಾವಾಗಲೂ" ಅಂದಳು.

ಆದ್ದರಿಂದ, ಲೈಟುಕಂಬವೇ, ಕೇಳಿಸಿಕೋ. ಆ ಕಟ್ಟೆ ಅಳತೆ ತಪ್ಪಿ ಕಟ್ಟಿದ್ದಲ್ಲ. ಅವಳು ಅದರ ಮುಂದೆ ನಿಲ್ಲುವಷ್ಟು ಕಾಲ ಅದಕ್ಕೆ ಯಾರೂ ಕೈ ಹಾಕಬೇಡಿ. ನಿನಗೆ ಸೊಂಟ ನೋವಾದರೆ ಕುರ್ಚಿ ಹಾಕಿಕೊಂಡು ಕೂತು ಲೋಟ ತೊಳೆ. ನಗುವ ಮುಖ ಹಾಕಿದ ಏಳು ಜನ ಈ ಮೂರನ್ನೂ ನಿಮ್ಮ ನಿಮ್ಮ ಮನೆಯವರಿಗೆ ಕಳಿಸಿ, ಭಾಮೈದನ ಮಕ್ಕಳಿಗೂ ಕಳಿಸಿ. ಅವರಪ್ಪ ಅವರಿಗೆ ಬೇರೆಯದೇ ಕಥೆ ಹೇಳಿರುತ್ತಾನೆ. ತಪ್ಪಿದವನು ಗಾರೆಯವನಲ್ಲ, ನಿಮ್ಮ ತಾತ ಅಂತ ಸ್ಪಷ್ಟವಾಗಿ ಹೇಳಿ ಕಳಿಸಿ. ಇಪ್ಪತ್ತೊಂಬತ್ತು ಇಂಚು. ಅದೊಂದನ್ನು ಸರಿಯಾಗಿ ಹೇಳಿ.